ಗಲಾಟೆಗಾರರ ಪಟ್ಟಿ ಯಾರ ಕೈಯಲ್ಲಿರಬೇಕು?

(ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಸ್ಥರ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಗಿರಾಕಿಯ ಸಿಟ್ಟಿನ ಏಟು ಬೀಳುವುದು ಯಾರ ಮೇಲೆ? ಬೆಲೆ ಏರಿಸಿದ ಕಂಪನಿಯ ಧಣಿಯ ಮೇಲೆ ಬಿದ್ದುದನ್ನು ನಾನಂತೂ ಕೇಳಿಲ್ಲ. ಚಿಲ್ಲರೆ ಇಲ್ಲವೆಂದ ಕಂಡಕ್ಟರು, ಯಂತ್ರ ಕೆಟ್ಟಿದೆ ನಾಳೆ ಬನ್ನಿ ಎಂದ ನ್ಯಾಯಬೆಲೆ ಅಂಗಡಿಯವನು, ಡಾಕ್ಟರು ಇನ್ನೂ ಬಂದಿಲ್ಲವೆಂದ ನರ್ಸಮ್ಮ, ಸಾಲ ಕೊಡುವುದಿಲ್ಲವೆಂದ ಕಿರಾಣಿ ಅಂಗಡಿಯ ಹುಡುಗ — ಇವರ ಮೇಲೆ ಬೀಳುತ್ತದೆ. ‘ಇಲ್ಲ’ ಎಂದು ಹೇಳುವ ಕೆಲಸವನ್ನು ಮೇಲಿನವರು ಇವರಿಗೆ ವಹಿಸಿಕೊಟ್ಟಿದ್ದಾರೆ. ಸಂಬಳದ ಜೊತೆಗೆ ಏಟನ್ನೂ ವಹಿಸಿಕೊಟ್ಟಿದ್ದಾರೆ.

ಆದಕಾರಣ, ಕೈ ಎತ್ತುವ ಗಿರಾಕಿಗಳ ಪಟ್ಟಿ ಮಾಡಿಡಬೇಕು, ಅಂಥವರನ್ನು ಒಳಗೆ ಬಿಡಬಾರದು ಎಂದು ನಿಮ್ಮಲ್ಲಿ ಕೆಲವರು ಕೇಳುತ್ತಿದ್ದೀರಿ. ಈ ಬೇಡಿಕೆ ತಪ್ಪೆಂದು ನಾನು ಹೇಳಲಾರೆ. ಹೋದ ವಾರ ಚಾಕು ತೋರಿಸಿದವನು ಈ ವಾರ ಮತ್ತೆ ಬಾಗಿಲಲ್ಲಿ ನಿಂತಿದ್ದಾನೆಂಬುದು ಗಲ್ಲೆಯ ಮುಂದೆ ಕೂತ ಹೆಣ್ಣುಮಗಳಿಗೆ ತಿಳಿದಿರಲೇಬೇಕು. ಗಿರಾಕಿಯ ಮಾನದ ಹೆಸರಿನಲ್ಲಿ ಅದನ್ನು ಬೇಡವೆನ್ನುವವರು ಒಂದು ದಿನವಾದರೂ ಆ ಜಾಗದಲ್ಲಿ ಕೂತು ನೋಡಲಿ.

ಆದರೆ ಆ ಪಟ್ಟಿಯನ್ನು ಬರೆಯುವವರು ಯಾರು, ಹೆಸರು ಎಷ್ಟು ದಿನ ಇರಬೇಕು, ತೆಗೆಯುವವರು ಯಾರು? ನಮ್ಮ ದೇಶದಲ್ಲಿ ಇಂಥ ಒಂದು ಪಟ್ಟಿಗೆ ನಿಯಮ ಅಚ್ಚಾಗಿದೆ. ಅದು ವಿಮಾನದ್ದು. ನಗಬೇಡಿ, ಈ ಸಭೆಯಲ್ಲಿ ಎಷ್ಟು ಮಂದಿ ವಿಮಾನ ಹತ್ತಿದ್ದೇವೆಂಬುದು ನನಗೂ ಗೊತ್ತು. ಆದರೆ ಅಲ್ಲಿ ಆದುದನ್ನು ನೋಡಿದರೆ ನಮ್ಮ ಕೆಲಸಕ್ಕೆ ಬರುವ ಸಂಗತಿಗಳಿವೆ.

2017ರ ಮಾರ್ಚಿಯಲ್ಲಿ ಶಿವಸೇನೆಯ ಲೋಕಸಭಾ ಸದಸ್ಯ ರವೀಂದ್ರ ಗಾಯಕವಾಡ ಪುಣೆಯಿಂದ ದಿಲ್ಲಿಗೆ ಹೋದರು. ಕೈಯಲ್ಲಿದ್ದುದು ಮೇಲ್ದರ್ಜೆಯ ಟಿಕೀಟು, ವಿಮಾನದಲ್ಲಿದ್ದುದು ಸಾಧಾರಣ ದರ್ಜೆ ಮಾತ್ರ. ದಿಲ್ಲಿಯಲ್ಲಿ ಇಳಿಯಲೊಲ್ಲದೆ ಏರ್ ಇಂಡಿಯಾದ ನೌಕರನೊಬ್ಬನಿಗೆ ಚಪ್ಪಲಿಯಿಂದ ಹೊಡೆದರು. 25 ಸಲ ಹೊಡೆದೆನೆಂದು ಪತ್ರಿಕೆಯವರ ಮುಂದೆ ತಾವೇ ಹೇಳಿಕೊಂಡರು. ವಿಮಾನ ಕಂಪನಿಗಳು ಅವರನ್ನು ಹತ್ತಿಸುವುದಿಲ್ಲವೆಂದವು. ಎರಡು ವಾರ ಕಳೆಯುವಷ್ಟರಲ್ಲಿ ಸರಕಾರ ಹೇಳಿತು, ಏರ್ ಇಂಡಿಯಾ ನಿಷೇಧವನ್ನು ಹಿಂತೆಗೆಯಿತು. ನಿಯಮವಿಲ್ಲದ ಪಟ್ಟಿಯಿಂದ ದೊಡ್ಡವರ ಹೆಸರು ಎಷ್ಟು ಬೇಗ ಅಳಿಸಿಹೋಗುತ್ತದೆ ನೋಡಿ!

ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿಯಮ ಬಂತು. ಬಾಯಿಮಾತಿನ ಕಿರುಕುಳ, ಕುಡಿದು ಗಲಾಟೆ ಇತ್ಯಾದಿಗೆ 3 ತಿಂಗಳವರೆಗೆ. ಮೈಮೇಲೆ ಕೈಮಾಡಿದರೆ 6 ತಿಂಗಳವರೆಗೆ. ಜೀವಕ್ಕೆ ಅಪಾಯ ತಂದರೆ 2 ವರ್ಷ ಅಥವಾ ಅದಕ್ಕೂ ಹೆಚ್ಚು. ನಿವೃತ್ತ ಜಿಲ್ಲಾ ನ್ಯಾಯಾಧೀಶರ ಸಮಿತಿ 30 ದಿನಗಳಲ್ಲಿ ತೀರ್ಮಾನಿಸಬೇಕು. ತೀರ್ಮಾನಕ್ಕೆ ಮುಂಚೆ ಕಂಪನಿ ತಡೆಯಬಹುದಾದದ್ದು 30 ದಿನ ಮಾತ್ರ. ಸಮಿತಿಯ ಮೇಲೆ 60 ದಿನಗಳೊಳಗೆ ಮೇಲ್ಮನವಿ, ಅದಕ್ಕೆ ನಿವೃತ್ತ ಹೈಕೋರ್ಟು ನ್ಯಾಯಾಧೀಶರು. ಕೃತ್ಯಕ್ಕೆ ತಕ್ಕ ಅವಧಿ, ಹೇಳಿಕೊಳ್ಳಲು ಜಾಗ, ಹೆಸರಿಗೆ ಕೊನೆಯ ದಿನ — ಇಷ್ಟನ್ನು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಆದರೂ ಆ ಸಮಿತಿಯಲ್ಲಿ ಯಾರು ಕೂರುತ್ತಾರೆಂದು ಕೇಳಿ. ನ್ಯಾಯಾಧೀಶರೊಬ್ಬರು, ಬೇರೊಂದು ವಿಮಾನ ಕಂಪನಿಯ ಪ್ರತಿನಿಧಿಯೊಬ್ಬರು, ಪ್ರಯಾಣಿಕರ ಇಲ್ಲವೆ ಗ್ರಾಹಕರ ಪರವಾಗಿ ಒಬ್ಬರು. ಏಟು ತಿನ್ನುವ ನೌಕರನಿಗೆ ಕುರ್ಚಿಯೇ ಇಲ್ಲ! ಅವನ ಹೆಸರಿನಲ್ಲಿ ಹುಟ್ಟಿದ ನಿಯಮ ಅವನನ್ನು ಹೊರಗಿಟ್ಟು ನಡೆಯುತ್ತದೆ. ಇದರ ಫಲವೇನೆಂಬುದನ್ನು 2020ರ ಜನವರಿಯಲ್ಲಿ ಕಂಡೆವು. ಹಾಸ್ಯಗಾರ ಕುನಾಲ್ ಕಾಮ್ರಾ ಮುಂಬಯಿಯಿಂದ ಲಖನೌಗೆ ಹೋಗುವ ಇಂಡಿಗೊ ವಿಮಾನದಲ್ಲಿ ಟಿ.ವಿ. ಪತ್ರಕರ್ತ ಅರ್ನಬ್ ಗೋಸ್ವಾಮಿಯವರನ್ನು ಪ್ರಶ್ನೆಗಳಿಂದ ಕೆಣಕಿದರು. ಅಸಭ್ಯವೆಂದು ಬೇಕಾದರೆ ಹೇಳಿ, ಯಾರ ಮೇಲೂ ಕೈ ಎತ್ತಲಿಲ್ಲ. ಸಮಿತಿ ಕೂರುವ ಮೊದಲೇ 6 ತಿಂಗಳ ನಿಷೇಧ ಸಾರಲಾಯಿತು. ಅವರ ವಿಮಾನದಲ್ಲಿ ಏನೂ ಆಗದಿದ್ದರೂ ಇತರ ಕಂಪನಿಗಳು ಹಿಂದೆ ಬಿದ್ದವು. ತನ್ನನ್ನು ಯಾರೂ ಕೇಳಲಿಲ್ಲ, ನಡತೆ ಆ ಮಟ್ಟದ್ದಾಗಿರಲಿಲ್ಲ ಎಂದು ಆ ವಿಮಾನದ ಪೈಲಟನೇ ಕಂಪನಿಗೆ ಬರೆದ. ಸಮಿತಿ ಆಮೇಲೆ ಅವಧಿಯನ್ನು 3 ತಿಂಗಳಿಗೆ ಇಳಿಸಿತು. ನೌಕರನನ್ನು ಮೊದಲೇ ಕೇಳಿದ್ದರೆ ಗಿರಾಕಿಗೂ ನ್ಯಾಯ ಸಿಗುತ್ತಿತ್ತು. ನೌಕರನ ರಕ್ಷಣೆ ಒಂದು ತಟ್ಟೆ, ಗಿರಾಕಿಯ ನ್ಯಾಯ ಇನ್ನೊಂದು ತಟ್ಟೆ ಎಂದು ತಕ್ಕಡಿ ಹಿಡಿಯುವವರು ಇದನ್ನು ಗಮನಿಸಬೇಕು.

2024ರ ಜನವರಿಯದೂ ಒಂದು ಸಂಗತಿ. ದಿಲ್ಲಿಯಲ್ಲಿ ಮಂಜು, ಗೋವೆಗೆ ಹೋಗುವವರು ಗಂಟೆಗಟ್ಟಲೆ ಕಾದಿದ್ದರು. ಇನ್ನೂ ತಡವೆಂದು ಸಾರುತ್ತಿದ್ದ ಪೈಲಟನಿಗೆ ಒಬ್ಬ ಓಡಿಬಂದು ಹೊಡೆದ. ಆ ಪೈಲಟ್ ಹಿಂದಿನ ಪಾಳಿಯವರ ಬದಲಿಗೆ ಬಂದವನು! ಹೊಡೆದವನಿಗೆ ಶಿಕ್ಷೆಯಾಗಲಿ. ಆದರೆ ಜನರನ್ನು ಕೂಡಿಹಾಕಿ ಕಾಯಿಸಿದ ವ್ಯವಸ್ಥೆಯ ಹೆಸರನ್ನು ಯಾವ ಪಟ್ಟಿಯಲ್ಲಿ ಬರೆಯೋಣ?

ಪಟ್ಟಿ ಎಂದರೇನೆಂಬುದನ್ನು ಗಿರಣಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮುಷ್ಕರದ ಮಾರನೆಯ ದಿನ ಗೇಟಿನಲ್ಲಿ ಯಾರ ಹೆಸರಿಗೆ ಗೀಟು ಬೀಳುತ್ತಿತ್ತು, ಆ ಹೆಸರು ಊರಿನ ಬೇರೆ ಗಿರಣಿಗಳಿಗೆ ಹೇಗೆ ಮುಟ್ಟುತ್ತಿತ್ತು, ನಿಮ್ಮ ತಂದೆ ಅಜ್ಜಂದಿರು ಕಂಡಿದ್ದಾರೆ. ಅದಕ್ಕೂ ಹಿಂದೆ ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಜಾತಿ ಜಾತಿಗಳನ್ನೇ ಅಪರಾಧಿಗಳೆಂದು ಬರೆದಿಟ್ಟರು. 1952ರಲ್ಲಿ ಅದು ರದ್ದಾಯಿತು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಮಾತ್ರ ಇಂದಿಗೂ ಉಳಿದಿದೆ. ಜನರ ಮನಸ್ಸಿನಲ್ಲಿ ಸಂಶಯವೂ ಉಳಿದಿದೆ. ಅಂಗಡಿಗೆ ಬಂದ ಅಲೆಮಾರಿ ಹೆಂಗಸಿನ ಹಿಂದೆ ಹುಡುಗನನ್ನು ನಿಲ್ಲಿಸುವುದು ಆಕೆ ಏನೋ ಮಾಡಿದಳೆಂದಲ್ಲವಷ್ಟೆ.

ಈಗ ಫೋನಿನ ಕಾಲ. ಯಾರೋ ಕೂಗಾಡಿದರೆ ಸಾಕು, ಕ್ಯಾಮೆರಾದ ಚಿತ್ರ ‘ಇವನ ಬಗ್ಗೆ ಎಚ್ಚರ’ ಎಂಬ ಮಾತಿನೊಡನೆ ವ್ಯಾಪಾರಸ್ಥರ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಅಲ್ಲಿಂದ ಊರಿಗೆಲ್ಲ. ಕೆಟ್ಟ ಅಕ್ಕಿ ಕೊಟ್ಟರೆಂದು ಕೂಗಿದವನೂ ಚಾಕು ತೋರಿಸಿದವನೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅವನು ಕೂಲಿಗೆ ಹೋದ ಕಡೆಯೂ ಆ ಚಿತ್ರ ಹೋಗಿರುತ್ತದೆ, ಅದಕ್ಕೆ ಮೇಲ್ಮನವಿಯಿಲ್ಲ.

ನನ್ನ ಸಲಹೆ ಇಷ್ಟೆ. ಅಂಗಡಿಯಲ್ಲಿ ಒಂದು ಪುಸ್ತಕವಿರಲಿ. ಇಂಥ ದಿನ, ಇಂಥ ಹೊತ್ತು, ಇಂಥವನು ಇದನ್ನು ಮಾಡಿದ ಎಂದು ಕಂಡ ನೌಕರನೇ ಬರೆಯಲಿ. ‘ಲಕ್ಷಣ ಸರಿಯಿಲ್ಲ’ ಎಂಬುದು ಅದರಲ್ಲಿ ಬರಕೂಡದು. ಕೂಗಿದ್ದು ಬೇರೆ, ಬೆದರಿಸಿದ್ದು ಬೇರೆ, ಹೊಡೆದದ್ದು ಬೇರೆ. ಹೆಸರು ಬರೆದೆವೆಂದು ಆತನಿಗೆ ತಿಳಿಸಬೇಕು, ಅವನ ಮಾತೇನೆಂದು ಎರಡು ಸಾಲು ಬರೆಯಬೇಕು. ಆರು ತಿಂಗಳಿಗೊಮ್ಮೆ ಪುಸ್ತಕ ತೆರೆದು, ಮತ್ತೆ ತಂಟೆಗೆ ಬಾರದವರ ಹೆಸರು ಹೊಡೆದುಹಾಕಬೇಕು. ಹೊಡೆತವಾದರೆ ಪೋಲೀಸ್ ಠಾಣೆಗೆ ನೌಕರನೊಬ್ಬನೇ ಅಲೆಯುವುದಲ್ಲ, ಯಜಮಾನನೂ ಜೊತೆಗೆ ಹೋಗಬೇಕು. ಆ ದಿನದ ಸಂಬಳ ಕಡಿಯಬಾರದು.

ಪುಸ್ತಕವಿದೆಯೆಂದು ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಒಬ್ಬಳನ್ನೇ ಬಿಟ್ಟುಹೋಗುವಂತಿಲ್ಲ. ಎರಡನೆಯ ಆಳಿಗೆ ಖರ್ಚಾಗುತ್ತದೆ, ಸಣ್ಣ ಅಂಗಡಿಗೆ ಅದು ಭಾರವೇ ಸರಿ. ನಾಲ್ಕು ಅಂಗಡಿಯವರು ಕೂಡಿ ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಕಾವಲುಗಾರನನ್ನು ಇಟ್ಟುಕೊಂಡರೆ ಅಷ್ಟು ಭಾರವಾಗದು.

ಮುಂದಿನ ಸಭೆಗೆ ವ್ಯಾಪಾರಸ್ಥ ಬಂಧುಗಳು ತಮ್ಮ ಅಂಗಡಿಯ ಹುಡುಗ ಹುಡುಗಿಯರನ್ನೂ ಕರೆತನ್ನಿ. ಪುಸ್ತಕದ ಮೊದಲ ಪುಟದಲ್ಲಿ ಏನು ಬರೆಯಬೇಕೆಂಬುದನ್ನು ಅವರ ಎದುರಿಗೇ ತೀರ್ಮಾನಿಸೋಣ.