ರಕ್ತದಾನದ ರಾಷ್ಟ್ರೀಯ ಸಮೀಕ್ಷೆ: ನಾಯಕನಹಟ್ಟಿಯಿಂದ ಕಂಡಂತೆ



ರಕ್ತದಾನ ಮತ್ತು ರಕ್ತಪೂರಣಗಳ ಪದ್ಧತಿಯನ್ನು ರಾಷ್ಟ್ರಮಟ್ಟದಲ್ಲಿ ಸಮೀಕ್ಷಿಸುವ ಬಗೆ ಹೇಗಿರತಕ್ಕುದೆಂಬ ವಿಚಾರಕ್ಕೆ ಮೀಸಲಾದ ಈ ಸಂಕಿರಣವು ರಾಜಧಾನಿಗಳನ್ನು ಬಿಟ್ಟು ನಾಯಕನಹಟ್ಟಿಗೆ ಬಂದು ನೆರೆದಿರುವುದು ನನಗೆ ಅತ್ಯಂತ ಉಚಿತವಾಗಿ ತೋರುತ್ತದೆ. ಕಂದಾಯದ ಲೆಕ್ಕದಲ್ಲಿ ಚಳ್ಳಕೆರೆ ತಾಲ್ಲೂಕಿಗೂ ಚುನಾವಣೆಯ ಲೆಕ್ಕದಲ್ಲಿ ಮೊಳಕಾಲ್ಮೂರು ಕ್ಷೇತ್ರಕ್ಕೂ ಸೇರಿ, ಕಾಯಿಲೆ ಕಸಾಲೆ ಬಂದಾಗ ಚಿತ್ರದುರ್ಗದ ಕಡೆಗೋ ಬಳ್ಳಾರಿಯ ಕಡೆಗೋ ಮುಖಮಾಡಿ, ನೆಂಟಸ್ತನಕ್ಕೂ ವ್ಯಾಪಾರಕ್ಕೂ ಆಂಧ್ರದ ರಾಯದುರ್ಗದವರೆಗೆ ನಡೆದುಹೋಗುವ ಈ ಸೀಮೆಯು ಯಾವ ಪಟ್ಟಿಯಲ್ಲಿಯೂ ಒಂದೇ ಅಂಕಣದೊಳಗೆ ಪೂರ್ಣವಾಗಿ ಅಡಗುವಂಥದಲ್ಲ. ಅಂಕಣಗಳ ನಡುವೆ ಜಾರಿಬೀಳುವ ಇಂತಹ ಸೀಮೆಗಳ ರೋಗಿಗಳೇ ಈ ದೇಶದ ರಕ್ತದ ಲೆಕ್ಕದಲ್ಲಿ ಬರೆಯದೆ ಉಳಿದಿರುವವರೆಂಬುದು ನಾನು ಇಂದು ನಿಮ್ಮ ಮುಂದೆ ಇಡಬಯಸುವ ಮಾತು.

ರಕ್ತಪೂರಣ ಶಾಸ್ತ್ರದ ಇತಿಹಾಸವನ್ನು ಬಲ್ಲವರ ಸಭೆಯಲ್ಲಿ ಅದನ್ನು ವಿಸ್ತರಿಸುವ ಅಗತ್ಯವಿಲ್ಲ. ಒಂದು ಸಂಗತಿಯನ್ನು ಮಾತ್ರ ನೆನೆಯುತ್ತೇನೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಲಂಡನ್ನಿನ ಜೇಮ್ಸ್ ಬ್ಲಂಡೆಲ್ ಎಂಬ ಪ್ರಸೂತಿವೈದ್ಯನು ಮನುಷ್ಯನ ರಕ್ತವನ್ನು ಮನುಷ್ಯನಿಗೇ ಏರಿಸುವ ಸಾಹಸಕ್ಕೆ ಕೈಹಾಕಿದುದು, ಹೆರಿಗೆಯ ಬಳಿಕ ರಕ್ತಸ್ರಾವದಿಂದ ಕಣ್ಣೆದುರೇ ಸಾಯುತ್ತಿದ್ದ ಬಾಣಂತಿಯರ ಪ್ರಾಣವನ್ನು ಉಳಿಸಬೇಕೆಂದು. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿವರಿಸಿದ ಮೇಲೆ ಆ ಸಾಹಸವು ಶಾಸ್ತ್ರವಾಗುವ ದಾರಿ ತೆರೆಯಿತು. 1952ರಲ್ಲಿ ಮುಂಬಯಿಯ ಡಾ. ವೈ. ಎಂ. ಭೇಂಡೆಯವರೂ ಅವರ ಸಹೋದ್ಯೋಗಿಗಳೂ ಅತಿ ವಿರಳವಾದ ‘ಬಾಂಬೆ’ ಗುಂಪನ್ನು ಲೋಕಕ್ಕೆ ತಿಳಿಯಪಡಿಸಿದರು. ಶಾಸ್ತ್ರವು ಇಷ್ಟು ದೂರ ಸಾಗಿಬಂದಿದ್ದರೂ ಬ್ಲಂಡೆಲ್ಲನು ಕಂಡ ಬಾಣಂತಿ ನಮ್ಮ ಹಟ್ಟಿಗಳಲ್ಲಿ ಇನ್ನೂ ಇದ್ದಾಳೆ.

ಸಮೀಕ್ಷೆಯೆಂಬುದು ನಿರ್ಜೀವವಾದ ಅಂಕಿಗಳ ಸಂಗ್ರಹವೆಂದು ತಿಳಿದು ಅದರಲ್ಲಿ ಉದಾಸೀನರಾಗಿರುವವರು ನಮ್ಮ ವೃತ್ತಿಯಲ್ಲಿ ಕಡಮೆಯಿಲ್ಲ. ಅವರಿಗೆ 1990ರ ವೃತ್ತಾಂತವನ್ನು ಹೇಳಬೇಕು. ಕೇಂದ್ರ ಆರೋಗ್ಯ ಸಚಿವಾಲಯವು ಎ. ಎಫ್. ಫರ್ಗುಸನ್ ಸಂಸ್ಥೆಯಿಂದ ಮಾಡಿಸಿದ ಅಧ್ಯಯನವು ಆ ವರ್ಷ ಹೊರಬಂದಾಗ, ದೇಶದಲ್ಲಿದ್ದ 1,018 ರಕ್ತನಿಧಿಗಳ ಪೈಕಿ 616ಕ್ಕೆ ಪರವಾನಗಿಯೇ ಇಲ್ಲವೆಂಬುದೂ, ಹೊಟ್ಟೆಪಾಡಿಗಾಗಿ ರಕ್ತ ಮಾರುವ ದರಿದ್ರರ ಮೈಯನ್ನೇ ನೆಚ್ಚಿ ಅನೇಕ ವಾಣಿಜ್ಯ ನಿಧಿಗಳು ನಡೆಯುತ್ತಿದ್ದುವೆಂಬುದೂ ಬಯಲಾದುವು. ಆ ವರದಿಯನ್ನು ಮುಂದಿಟ್ಟುಕೊಂಡು ಎಚ್. ಡಿ. ಶೌರಿಯವರ ‘ಕಾಮನ್ ಕಾಸ್’ ಸಂಸ್ಥೆಯು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 1996ರ ಜನವರಿ 4ರಂದು ಬಂದ ತೀರ್ಪು ರಾಷ್ಟ್ರದಲ್ಲಿಯೂ ಪ್ರತಿಯೊಂದು ರಾಜ್ಯದಲ್ಲಿಯೂ ರಕ್ತಪೂರಣ ಮಂಡಳಿಗಳನ್ನು ಸ್ಥಾಪಿಸಬೇಕೆಂದು ವಿಧಿಸಿತು. 1998ರ ಜನವರಿ 1ರಿಂದ ರಕ್ತದ ಮಾರಾಟವು ನಿಷಿದ್ಧವಾಯಿತು. 2002ರಲ್ಲಿ ರಾಷ್ಟ್ರೀಯ ರಕ್ತ ನೀತಿಯು ಬಂದಿತು. ಫರ್ಗುಸನ್ ವರದಿಗೂ ಇಪ್ಪತ್ತು ವರ್ಷ ಮೊದಲು, 1970ರಲ್ಲಿ, ಇಂಗ್ಲೆಂಡಿನ ರಿಚರ್ಡ್ ಟಿಟ್ಮಸ್ ಅವರು ತಮ್ಮ ದೇಶದ ರಕ್ತದಾನ ಪದ್ಧತಿಯನ್ನು ಅಮೆರಿಕದ ಪದ್ಧತಿಯೊಡನೆ ಹೋಲಿಸಿ, ಮಾರುಕಟ್ಟೆಗೆ ಬಿಟ್ಟ ರಕ್ತವು ದಾನದ ರಕ್ತಕ್ಕಿಂತ ಅಪಾಯಕರವೂ ಹೌದು, ಪೋಲಾಗುವುದೂ ಹೆಚ್ಚು ಎಂದು ವಾದಿಸಿದ್ದರು. ಶ್ರದ್ಧೆಯಿಂದ ಮಾಡಿದ ಒಂದು ಎಣಿಕೆಯು ಸರ್ಕಾರವನ್ನು ಎಚ್ಚರಿಸಬಲ್ಲುದು, ನ್ಯಾಯಾಲಯಕ್ಕೆ ಕಣ್ಣು ಕೊಡಬಲ್ಲುದು ಎಂಬುದಕ್ಕೆ ನಮಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಆ ಮೇಲಿನ ದೊಡ್ಡ ಎಣಿಕೆಗಳು ಎರಡು. 2016ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಮತ್ತು ರಾಷ್ಟ್ರೀಯ ರಕ್ತಪೂರಣ ಮಂಡಳಿಗಳು ನಡೆಸಿದ ಮೌಲ್ಯಮಾಪನದಲ್ಲಿ 2,626 ರಕ್ತನಿಧಿಗಳು ಲೆಕ್ಕಕ್ಕೆ ಸಿಕ್ಕವು. ವರ್ಷದ ಸಂಗ್ರಹವು ಸುಮಾರು 1 ಕೋಟಿ 16 ಲಕ್ಷ ಯೂನಿಟ್ಟುಗಳೆಂದೂ, ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕ ಪಾಲು ಸ್ವಯಂಪ್ರೇರಿತ ದಾನಿಗಳದೆಂದೂ ತಿಳಿದುಬಂದಿತು. ಬಳಿಕ ಐದು ರಾಜ್ಯಗಳ ಆಸ್ಪತ್ರೆಗಳಲ್ಲಿ ನಡೆದ ಮತ್ತೊಂದು ಅಧ್ಯಯನವು ದೇಶದ ವಾರ್ಷಿಕ ಆವಶ್ಯಕತೆಯನ್ನು 1 ಕೋಟಿ 46 ಲಕ್ಷ ಯೂನಿಟ್ಟುಗಳೆಂದು ಅಂದಾಜು ಮಾಡಿತು. ಅದರೊಳಗೆ ಹೆರಿಗೆ ಮತ್ತು ಸ್ತ್ರೀರೋಗಗಳ ಪಾಲು 33 ಲಕ್ಷ. ಜನಸಂಖ್ಯೆಯ ನೂರಕ್ಕೊಂದು ಪಾಲು ರಕ್ತವಿದ್ದರೆ ಸಾಕೆಂಬ ಹಳೆಯ ಸೂತ್ರವನ್ನು ಕೈಬಿಟ್ಟು ರೋಗಿಗಳ ಕಡೆಯಿಂದ ಲೆಕ್ಕ ಹಾಕಿದ ಈ ಎರಡನೆಯ ಪ್ರಯತ್ನವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಅದೂ ಆಸ್ಪತ್ರೆಯ ಬಾಗಿಲವರೆಗೆ ಬಂದವರನ್ನು ಮಾತ್ರ ಎಣಿಸಿತು. ಬಾಗಿಲು ತಲಪದವರ ಆವಶ್ಯಕತೆ ಎಷ್ಟು?

ಈ ಊರಿನ ಆರಾಧ್ಯರಾದ ತಿಪ್ಪೇರುದ್ರಸ್ವಾಮಿಗಳನ್ನು ಜನರು ಕೆರೆ ಕಟ್ಟಿಸಿದ ಮಹಾತ್ಮರೆಂದು ನೆನೆಯುತ್ತಾರೆ. ಮಳೆ ನೆಚ್ಚಲಾಗದ ಈ ಬಯಲಿನಲ್ಲಿ ಕೆರೆಯ ಲೆಕ್ಕ ಹಿಡಿಯುವುದು ಹೇಗೆಂಬುದನ್ನು ಇಲ್ಲಿಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆರೆಗೆ ಎಷ್ಟು ನೀರು ಬಂದಿತೆಂದು ಕೇಳಿ ಅವನು ಸುಮ್ಮನಾಗುವುದಿಲ್ಲ. ಕೋಡಿ ಹರಿದು ಹೋದುದೆಷ್ಟು, ತೂಬಿನಿಂದ ಹೊರಟುದೆಷ್ಟು, ಕೊನೆಯ ಗದ್ದೆಗೆ ಮುಟ್ಟಿದುದೆಷ್ಟು ಎಂದು ಕೇಳುತ್ತಾನೆ. ನಮ್ಮ ಸಮೀಕ್ಷೆಗಳಲ್ಲಿ ಒಳಹರಿವಿನ ಲೆಕ್ಕವು ಸೊಗಸಾಗಿ ಬೆಳೆದಿದೆ. ಕೊನೆಯ ಗದ್ದೆಯ ಲೆಕ್ಕವು ಇನ್ನೂ ಆರಂಭವಾಗಬೇಕಾಗಿದೆ.

ಆ ಕೊನೆಯ ಗದ್ದೆಯಲ್ಲಿ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೊಳಕಾಲ್ಮೂರಿನ ಅಂಚಿನ ಹಟ್ಟಿಯೊಂದರಲ್ಲಿ, ಮೊದಲೇ ರಕ್ತಹೀನತೆಯಿಂದ ಬಳಲುತ್ತಿರುವ ಹೆಣ್ಣುಮಗಳೊಬ್ಬಳಿಗೆ ಹೆರಿಗೆಯಾಗಿ ಸ್ರಾವ ನಿಲ್ಲದೆ ಹೋದರೆ, ಅವಳನ್ನು 108ರ ವಾಹನವು ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೂ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೂ, ಅಲ್ಲಿಂದ ‘ಮುಂದಕ್ಕೆ ಹೋಗಿ’ ಎಂದಾಗ ಚಿತ್ರದುರ್ಗಕ್ಕೋ ಬಳ್ಳಾರಿಗೋ ಒಯ್ಯುತ್ತದೆ. ಅಂತಹ ಸ್ರಾವದಲ್ಲಿ ಪ್ರಾಣ ಉಳಿಯುವ ಅವಧಿಯನ್ನು ಗಂಟೆಗಳಲ್ಲಿ ಎಣಿಸಬೇಕು. ಆ ಗಂಟೆಗಳು ರಸ್ತೆಯಲ್ಲಿ ಕಳೆಯುತ್ತವೆ. ರಕ್ತನಿಧಿಯ ಕಿಟಕಿಯ ಮುಂದೆ ನಿಂತ ಗಂಡನನ್ನೋ ತಮ್ಮನನ್ನೋ ಬದಲಿ ರಕ್ತ ಕೊಡುವವರು ಯಾರೆಂದು ಕೇಳಲಾಗುತ್ತದೆ. ‘ರಗತ ಕೊಟ್ರೆ ಮೈಯಾಗಿನ ಕಸುವು ಹೋಗ್ತೈತೆ’ ಎಂಬ ಭಯವನ್ನು ಹೊತ್ತು, ಶೇಂಗಾದ ಹೊಲದಲ್ಲಿ ದುಡಿದು ಬಂದ ಆ ಮನುಷ್ಯನು ಕೈಚಾಚುತ್ತಾನೆ. ಅವನಿಂದ ತೆಗೆದುಕೊಳ್ಳುವುದು 350 ಮಿಲಿಲೀಟರು. ಅದರ ದ್ರವಭಾಗವು ಒಂದೆರಡು ದಿನಗಳಲ್ಲಿಯೂ ಕೆಂಪುಕಣಗಳು ಕೆಲವು ವಾರಗಳಲ್ಲಿಯೂ ಮತ್ತೆ ತುಂಬಿಕೊಳ್ಳುತ್ತವೆ ಎಂಬುದನ್ನು ಆ ಕ್ಷಣಕ್ಕಿಂತ ಮೊದಲು ಅವನಿಗೆ ಯಾರಾದರೂ ತಿಳಿಸಿದ್ದರೆ ಅವನು ಭಯವಿಲ್ಲದೆ ಕೊಡುತ್ತಿದ್ದನು. ಹೀಗೆ ಒತ್ತಾಯದಲ್ಲಿ ಕೊಟ್ಟವನನ್ನು ಯಾವ ಅಂಕಣದಲ್ಲಿ ಬರೆಯುತ್ತೇವೆ, ಅವನ ಹೆಂಡತಿ ಬದುಕಿದಳೇ ಎಂಬುದನ್ನು ಯಾವ ಅಂಕಣದಲ್ಲಿ ಬರೆಯುತ್ತೇವೆ ಎಂಬ ಪ್ರಶ್ನೆಗಳಿಗೆ ಸಮೀಕ್ಷಕರು ಉತ್ತರ ಕೊಡಬೇಕು.

ಇದಕ್ಕೆ ಪರಿಹಾರವು ಕಾನೂನಿನಲ್ಲಿ ಇಲ್ಲದಿಲ್ಲ. ವರ್ಷಕ್ಕೆ 2,000 ಯೂನಿಟ್ಟುಗಳನ್ನು ಮೀರದೆ ಬಳಸುವ ಸಮುದಾಯ ಆರೋಗ್ಯ ಕೇಂದ್ರಗಳೂ ಹೆರಿಗೆಯ ತುರ್ತುಸೇವೆಯುಳ್ಳ ಆಸ್ಪತ್ರೆಗಳೂ, ದೊಡ್ಡದೊಂದು ರಕ್ತನಿಧಿಯ ಆಸರೆಯಲ್ಲಿ, ಸರಳವಾದ ಅನುಮೋದನೆಯಿಂದಲೇ ರಕ್ತ ಶೇಖರಣಾ ಘಟಕವನ್ನು ಇಟ್ಟುಕೊಳ್ಳಲು ಅವಕಾಶವಿದೆ. ಬೇಕಾದುದು ಒಂದು ಶೀತಕಪಾಟು, ಕಡಿಯದ ವಿದ್ಯುತ್ತು, ಗುಂಪು ನೋಡಿ ಹೊಂದಾಣಿಕೆ ಪರೀಕ್ಷಿಸಬಲ್ಲ ತಂತ್ರಜ್ಞ ಮತ್ತು ರಾತ್ರಿಯೂ ಎಚ್ಚರವಾಗಿರುವ ವೈದ್ಯ. ಇಂತಹ ಘಟಕಗಳು ಕಾಗದದ ಮೇಲೆ ಎಷ್ಟಿವೆಯೆಂದು ಎಣಿಸುವುದು ಸುಲಭ. ಮಧ್ಯರಾತ್ರಿ ಎರಡು ಗಂಟೆಗೆ ಎಷ್ಟು ತೆರೆದಿರುತ್ತವೆಯೆಂದು ನೋಡುವುದೇ ಸಮೀಕ್ಷೆಯ ಧರ್ಮ.

ಸ್ವಯಂಪ್ರೇರಿತ ದಾನದ ಬಗೆಗೂ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಆಡಬೇಕಾಗಿದೆ. ನಾಯಕರ ಹುಟ್ಟುಹಬ್ಬ, ಪುಣ್ಯತಿಥಿ, ಉತ್ಸವಗಳಂದು ಒಂದೇ ದಿನ ನೂರಾರು ಮಂದಿ ಸಾಲುಗಟ್ಟಿ ರಕ್ತ ಕೊಡುವುದು ಕಣ್ಣಿಗೆ ಹಬ್ಬವೇ ಸರಿ. ಆದರೆ ಸಾಮಾನ್ಯ ರಕ್ಷಕದ್ರಾವಣದಲ್ಲಿ ಕೆಂಪುಕಣಗಳು 35 ದಿನ, ಪ್ಲೇಟ್‌ಲೆಟ್ಟುಗಳು ಐದೇ ದಿನ ಬಾಳುವುವೆಂಬುದನ್ನು ಮರೆತರೆ ಆ ಹಬ್ಬದ ರಕ್ತದಲ್ಲಿ ಒಂದು ಪಾಲು ಅವಧಿ ಮೀರಿ ನಾಶವಾಗುತ್ತದೆ. ಅದೇ ಏಪ್ರಿಲ್ ಮೇ ತಿಂಗಳುಗಳಲ್ಲಿ ಕಾಲೇಜುಗಳು ಮುಚ್ಚಿ, ಬಿಸಿಲು ಸುಡುತ್ತಿರುವಾಗ ಕಪಾಟುಗಳು ಬರಿದಾಗುತ್ತವೆ. ಗಂಡಸು 90 ದಿನಗಳಿಗೊಮ್ಮೆ, ಹೆಂಗಸು 120 ದಿನಗಳಿಗೊಮ್ಮೆ ಕೊಡಬಹುದಾದ ದೇಶದಲ್ಲಿ, ಒಬ್ಬ ದಾನಿ ಎರಡನೆಯ ಸಲ ಬಂದನೇ ಎಂಬ ಪ್ರಶ್ನೆಯು ಶಿಬಿರದಲ್ಲಿ ಎಷ್ಟು ಮಂದಿ ಸೇರಿದರೆಂಬ ಪ್ರಶ್ನೆಗಿಂತ ಹಿರಿದು. ಏಕೆಂದರೆ ನಿಯತವಾಗಿ ಬರುವ ದಾನಿಯ ರಕ್ತವೇ ಸೋಂಕಿನ ದೃಷ್ಟಿಯಿಂದ ಅತ್ಯಂತ ಸುರಕ್ಷಿತ.

ಹೆಂಗಸರು ಏಕೆ ಕೊಡುವುದಿಲ್ಲವೆಂದು ಕೇಳುವವರುಂಟು. ದಾನಕ್ಕೆ ಹಿಮೋಗ್ಲೋಬಿನ್ 12.5 ಗ್ರಾಮಿಗೆ ಕಡಮೆಯಿರಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8 ಮಂದಿ ರಕ್ತಹೀನರು, ಇಡೀ ದೇಶದಲ್ಲಿ ಶೇಕಡಾ 57. ಅರ್ಧದಷ್ಟು ಹೆಂಗಸರಿಗೆ ತಮ್ಮ ಮೈಗೇ ಸಾಲದಷ್ಟು ರಕ್ತವಿರುವಾಗ ಅವರ ಉದಾರತೆಯನ್ನು ಪ್ರಶ್ನಿಸುವ ಅಧಿಕಾರ ನಮಗಿಲ್ಲ. ಗರ್ಭಿಣಿಗೆ ಕಬ್ಬಿಣದ ಮಾತ್ರೆಗಳು ತಪ್ಪದೆ ಮುಟ್ಟಿದುವೇ, ಅವಳು ನುಂಗಿದಳೇ ಎಂಬುದು ನನ್ನ ಅಭಿಪ್ರಾಯದಲ್ಲಿ ರಕ್ತದ ಸಮೀಕ್ಷೆಯ ಒಳಗಿನ ವಿಷಯವೇ. ಎಂಟನೆಯ ತಿಂಗಳಲ್ಲಿ ರಕ್ತ ಹಾಕಬೇಕಾಗಿ ಬಂದ ಪ್ರತಿಯೊಬ್ಬ ತಾಯಿಯ ಹಿಂದೆ ಮೂರನೆಯ ತಿಂಗಳಲ್ಲಿ ತಪ್ಪಿಹೋದ ಒಂದು ಚಿಕಿತ್ಸೆ ಬಹುಮಟ್ಟಿಗೆ ಇದ್ದೇ ಇರುತ್ತದೆ.

ಬಳಕೆಯ ವಿಚಾರವನ್ನು ಮುಂದಿನ ಗೋಷ್ಠಿಗಳು ಕೂಲಂಕಷವಾಗಿ ಪರಿಶೀಲಿಸಲಿರುವುದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. 2012ರ ಡಿಸೆಂಬರಿನಲ್ಲಿ ಆರಂಭವಾದ ಭಾರತದ ಹಿಮೋವಿಜಿಲೆನ್ಸ್ ಕಾರ್ಯಕ್ರಮವು ರಕ್ತ ಏರಿಸಿದಾಗ ಉಂಟಾಗುವ ಪ್ರತಿಕ್ರಿಯೆಗಳನ್ನು ವರದಿ ಮಾಡಲು ನಮಗೆ ದಾರಿ ಮಾಡಿಕೊಟ್ಟಿದೆ. ಗುಂಪು ತಪ್ಪಿದ ರಕ್ತವು ರೋಗಿಯನ್ನು ಸೇರುವುದು ಬಹುಪಾಲು ಪ್ರಯೋಗಾಲಯದ ಅಜ್ಞಾನದಿಂದಲ್ಲ. ಹೆಸರಿನ ಚೀಟಿಯನ್ನು ಹಾಸಿಗೆಯ ಬಳಿ ಇನ್ನೊಮ್ಮೆ ಓದದೆ ಇದ್ದುದರಿಂದ. ವರದಿ ಮಾಡಿದ ದಾದಿಗೆ ಶಿಕ್ಷೆಯಾಗುವ ಕಡೆ ಯಾವ ವರದಿಯೂ ಬಾರದು.

ಈ ಸಂಕಿರಣದಿಂದ ನಾನು ಆಶಿಸುವುದು ಹಾಸಿಗೆಯ ಬಳಿಯಿಂದ ಹೊರಡುವ ಒಂದು ಎಣಿಕೆಯ ನಮೂನೆಯನ್ನು. ರಕ್ತ ಬೇಕೆಂದು ವೈದ್ಯನು ಬರೆದ ಹೊತ್ತು, ರಕ್ತ ಬಂದ ಹೊತ್ತು, ಅದು ಎಲ್ಲಿಂದ ಬಂದಿತು, ಬದಲಿ ಕೇಳಿದರೇ, ಬಾರದಿದ್ದರೆ ರೋಗಿಯ ಗತಿ ಏನಾಯಿತು ಎಂಬಿಷ್ಟನ್ನು ಅದು ಕೇಳಲಿ. ರೋಗಿಯು ಗಡಿ ದಾಟಿ ಬಳ್ಳಾರಿಗೋ ರಾಯದುರ್ಗಕ್ಕೋ ಹೋಗಿದ್ದರೆ ಆ ಲೆಕ್ಕವೂ ಅವಳ ಊರಿಗೇ ಮರಳಿ ಸೇರಲಿ. ನಾಯಕನಹಟ್ಟಿ, ತಳಕು, ಪರಶುರಾಂಪುರ ಹೋಬಳಿಗಳಲ್ಲಿಯೂ ಮೊಳಕಾಲ್ಮೂರಿನ ದೇವಸಮುದ್ರ ಹೋಬಳಿಯಲ್ಲಿಯೂ ಇದನ್ನು ಮೊದಲು ಪ್ರಯೋಗಿಸಿ, ಒಂದು ಬೇಸಗೆಯನ್ನೂ ಒಂದು ಮಳೆಗಾಲವನ್ನೂ ದಾಟಿಸಿ, ಅನಂತರ ರಾಷ್ಟ್ರದ ಮುಂದೆ ಇಡಬಹುದು. ಮೊದಲನೆಯ ಗೋಷ್ಠಿಯಲ್ಲಿ ಈ ನಮೂನೆಯ ಕರಡನ್ನು ತಿದ್ದುವಾಗ ಪ್ರಾಧ್ಯಾಪಕರ ಜೊತೆಗೆ ಹೆರಿಗೆ ಕೋಣೆಯ ದಾದಿಯರೂ ಆಶಾ ಕಾರ್ಯಕರ್ತೆಯರೂ ಕುಳಿತಿರಬೇಕೆಂದೂ, ನಡುರಾತ್ರಿಯ ಕೆಲಸದ ನಡುವೆ ತುಂಬಲಾಗದೆಂದು ಅವರು ಹೇಳಿದ ಯಾವ ಅಂಕಣವನ್ನೂ ಅದರಲ್ಲಿ ಉಳಿಸಬಾರದೆಂದೂ ಪ್ರಾರ್ಥಿಸುತ್ತೇನೆ.