ಒಡೆತನವೂ ಒಕ್ಕಲುತನವೂ: ಮುಕ್ತ ತಂತ್ರಾಂಶದ ಆಡಳಿತ



ಮುಕ್ತ ತಂತ್ರಾಂಶದ ಆಡಳಿತವೆಂಬ ವಿಷಯವನ್ನು ಮಹಾನಗರದ ಕಂಪನಿಗಳಿಗೆ ಬಿಡದೆ ಮಲೆನಾಡಿನ ಈ ಸಭೆಯೇಕೆ ಕೈಗೆತ್ತಿಕೊಳ್ಳಬೇಕೆಂದು ಕೇಳುವವರಿಗೆ ಈ ಸೀಮೆಯ ಸೊಪ್ಪಿನಬೆಟ್ಟವನ್ನೇ ತೋರಿಸಬಹುದು. ದಾಖಲೆಯಲ್ಲಿ ಆ ನೆಲ ಸರ್ಕಾರದ್ದು. ಆದರೆ ತಲೆತಲಾಂತರದಿಂದ ಅಲ್ಲಿ ಸೊಪ್ಪು ಸವರಿ, ದರಗು ಗುಡಿಸಿ, ಅಡಿಕೆಮರದ ಬುಡಕ್ಕೆ ಹೊತ್ತು ತಂದವನು ತೋಟದವನು. ಯಾವ ಕೊಂಬೆಯನ್ನು ಈ ವರ್ಷ ಕಡಿಯಬೇಕು, ಯಾವುದನ್ನು ಮುಂದಿನ ವರ್ಷಕ್ಕೆ ಉಳಿಸಬೇಕು ಎಂಬ ನಿರ್ಣಯ ಅವನ ಕತ್ತಿಗೆ ಸೇರಿದ್ದು. 1964ರ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವು ಕಾನು, ಸೊಪ್ಪಿನಬೆಟ್ಟಗಳ ಸವಲತ್ತುಗಳನ್ನು ಹೊಸದಾಗಿ ಸೃಷ್ಟಿಸಲಿಲ್ಲ, ಆ ಮೊದಲೇ ಬೇರೂರಿದ್ದುದನ್ನು ಮುಂದುವರಿಸಿತು. ಒಡೆತನ ಒಂದೆಡೆ, ಒಕ್ಕಲುತನ ಇನ್ನೊಂದೆಡೆ ಇದ್ದಾಗ ನಿಜವಾಗಿ ಆಳುವವರಾರು ಎಂಬ ಪ್ರಶ್ನೆ ಇಲ್ಲಿಯವರಿಗೆ ಅಪರಿಚಿತವಲ್ಲ.

ಮುಕ್ತ ತಂತ್ರಾಂಶದಲ್ಲಿಯೂ ಏಳುವುದು ಇದೇ ಪ್ರಶ್ನೆ. 2010ರ ಜನವರಿಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯನ್ನು ಒರಾಕಲ್ ಕೊಂಡುಕೊಂಡಾಗ, ಓಪನ್‌ಆಫೀಸ್ ತಂತ್ರಾಂಶದ ಹೆಸರೂ ಕೃತಿಸ್ವಾಮ್ಯವೂ ಅದರೊಡನೆ ಕೈ ಬದಲಾಯಿಸಿದವು. ಆದರೆ ಅದರ ದೋಷಗಳನ್ನು ತಿದ್ದುತ್ತಿದ್ದವರನ್ನು, ನಾನಾ ಭಾಷೆಗಳಿಗೆ ಅದನ್ನು ಅಳವಡಿಸುತ್ತಿದ್ದವರನ್ನು ಯಾವ ಕ್ರಯಪತ್ರವೂ ಬರೆದುಕೊಡಲಾರದು. ಮೂಲಸಂಕೇತವನ್ನು ನಕಲಿಸಿ, ತಿದ್ದಿ, ಹಂಚುವ ಹಕ್ಕನ್ನು ಪರವಾನಗಿಯೇ ಕೊಟ್ಟಿದ್ದುದರಿಂದ, ಅವರಲ್ಲಿ ಬಹುಮಂದಿ ಅದೇ ವರ್ಷದ ಸೆಪ್ಟೆಂಬರ್ 28ರಂದು ಲಿಬ್ರೆಆಫೀಸ್ ಎಂಬ ಹೊಸ ಹೆಸರಿನಿಂದ ಕವಲೊಡೆದರು. ಹಳೆಯ ಹೆಸರನ್ನು ಇಟ್ಟುಕೊಂಡು ಒಡೆಯ ಉಳಿದ, ಕೆಲಸ ಹೊರಟುಹೋಯಿತು. ಮರುವರ್ಷ ಒರಾಕಲ್ ತನ್ನಲ್ಲಿ ಉಳಿದುದನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿತು. ಪೈಥಾನ್ ಎಂಬ ಕ್ರಮವಿಧಿ ಭಾಷೆಯ ಇತಿಹಾಸವೂ ಇದಕ್ಕೆ ದೂರವಲ್ಲ: 2001ರಿಂದಲೇ ಅದಕ್ಕೊಂದು ಪ್ರತಿಷ್ಠಾನವಿದ್ದರೂ ಅಂತಿಮ ಮಾತು ಅದರ ಜನಕ ಗೀಡೋ ವಾನ್ ರೋಸಮ್ ಅವರದಾಗಿತ್ತು, 2018ರಲ್ಲಿ ಅವರು ಉತ್ತರಾಧಿಕಾರಿಯನ್ನು ಹೆಸರಿಸದೆ ಹಿಂದೆ ಸರಿದಾಗ ಕರ್ತೃಗಳೇ ಕೂಡಿ ಐವರ ಮಂಡಳಿಯನ್ನು ಆರಿಸಿಕೊಂಡರು.

ಒಡೆಯನ ದರ್ಪಕ್ಕೆ ಹೀಗೆ ಕವಲಿನ ಹಕ್ಕು ಮದ್ದಾಗಬಲ್ಲುದು. ಒಂಟಿ ದುಡಿಮೆಗಾರನ ದಣಿವಿಗೆ ಅದು ಮದ್ದಲ್ಲ. ನನ್ನನ್ನು ಹೆಚ್ಚಾಗಿ ಕಾಡುವುದು ಇದೇ. ಎಕ್ಸ್‌ಜೆಡ್ ಎಂಬ ಪುಟ್ಟ ತಂತ್ರಾಂಶವು ಲಿನಕ್ಸ್ ಗಣಕಗಳಲ್ಲೆಲ್ಲ ಕಡತಗಳನ್ನು ಕುಗ್ಗಿಸುವ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದು, ಅದನ್ನು ಬಹುಕಾಲ ನೋಡಿಕೊಂಡವರು ಒಬ್ಬರೇ. ಅವರು ಬಳಲಿದ್ದ ಕಾಲದಲ್ಲಿ ಸಹಾಯಕನೆಂದು ಬಂದ ಅಪರಿಚಿತನೊಬ್ಬನು ವರ್ಷಗಳ ಕಾಲ ತಾಳ್ಮೆಯಿಂದ ದುಡಿದು, ನಂಬಿಕೆ ಗಳಿಸಿ, ಹೊಸ ಆವೃತ್ತಿಗಳನ್ನು ಹೊರಡಿಸುವ ಅಧಿಕಾರವನ್ನು ಪಡೆದು, ಅದರೊಳಗೆ ಕಳ್ಳಬಾಗಿಲೊಂದನ್ನು ಇಟ್ಟದ್ದು 2024ರ ಮಾರ್ಚಿನಲ್ಲಿ ಬಯಲಾಯಿತು. ದೂರದ ಗಣಕಕ್ಕೆ ಪ್ರವೇಶಿಸುವಾಗ ಅರ್ಧ ಸೆಕೆಂಡಿನಷ್ಟು ವಿಳಂಬವೇಕೆಂದು ಒಬ್ಬ ಎಂಜಿನಿಯರು ಬೆನ್ನುಹತ್ತದಿದ್ದರೆ ಅದು ಜಗತ್ತಿಗೆಲ್ಲ ಹರಡುತ್ತಿತ್ತು. ಆ ಅಪರಿಚಿತನಿಗೆ ಯಾವ ಒಡೆತನವೂ ಇರಲಿಲ್ಲ, ಬೀಗದ ಕೈಯಿತ್ತು.

ಕನ್ನಡದ ಸ್ಥಿತಿ ಇದಕ್ಕೆ ಹತ್ತಿರವೆಂದೇ ನನ್ನ ಕಳವಳ. ಕೆ. ಪಿ. ರಾಯರು ಬೆಲೆ ಕೇಳದೆ ನಾಡಿಗಿತ್ತ ಕೀಲಿಮಣೆ ವಿನ್ಯಾಸವೇ ಸರ್ಕಾರ ಅಂಗೀಕರಿಸಿದ ವಿನ್ಯಾಸಕ್ಕೆ ತಳಹದಿಯಾಯಿತು. ಒಂದೇ ಕೀಲಿಯಲ್ಲಿ ‘ಕ’, ಶಿಫ್ಟ್ ಒತ್ತಿದರೆ ‘ಖ’ ಎಂಬ ಆ ಸರಳ ಕ್ರಮವನ್ನು ಬೆರಳುಗಳು ಒಪ್ಪಿದ ಮೇಲೆ ಆಜ್ಞೆ ಬಂದಿತು. ಇಂಥ ಏಕಾಕಿ ಪರಿಶ್ರಮ ನಮ್ಮ ಭಾಗ್ಯ. ಆದರೆ ಕವಲೊಡೆಯಲು ಬೇಕಾದ ಕೈಗಳು ವಿರಳವಾಗಿರುವ ಭಾಷೆಯಲ್ಲಿ ಪರವಾನಗಿಯ ಹಕ್ಕು ಬಹುಪಾಲು ಕಾಗದದ ಹಕ್ಕಾಗಿಯೇ ಉಳಿಯುತ್ತದೆ.

ಆದುದರಿಂದ, ಕನ್ನಡದ ಫಾಂಟು, ಪದಪರೀಕ್ಷಕ, ನಿಘಂಟುಗಳ ಮೂಲಸಂಕೇತದ ಬೀಗದ ಕೈ ಕನಿಷ್ಠ ಮೂವರಲ್ಲಿ ಇರುವಂತೆ ಮಾಡುವುದು ಹೇಗೆ, ನಿರ್ವಾಹಕರು ವಿರಮಿಸಿದಾಗ ಅಧಿಕಾರ ಯಾರಿಗೆ ಸಲ್ಲಬೇಕೆಂಬುದನ್ನು ಮೊದಲೇ ಬರೆದಿಡುವವರು ಯಾರು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಕಾಲೇಜುಗಳು ಅವರಿಗೆ ಯಾವ ನೆರವನ್ನು ನೀಡಬಲ್ಲವು ಎಂಬುದನ್ನು ಅಪರಾಹ್ನದ ಗೋಷ್ಠಿಯು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳಬೇಕೆಂದು ನನ್ನ ಬಿನ್ನಹ.