ಹಿತ್ತಲ ಗಿಡವೂ ಒಕ್ಕಲು ಹೆಣ್ಣುಮಕ್ಕಳೂ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಪಟ್ಟಣವಾಸಿಗಳಾದ ತಾವೂ ಆಡಿರಬಹುದು. ಹಳ್ಳಿಯ ಒಕ್ಕಲು ಹೆಣ್ಣುಮಕ್ಕಳು ಹಾಗೆಣಿಸುವವರಲ್ಲ. ಅವರಿಗೆ ಮನೆಮದ್ದಿನ ಗಿಡಗಳನ್ನು ಕುರಿತು ತಿಳಿಸಹೊರಟ ನಾವು ಮೊದಲ ದಿನ ಉಪನ್ಯಾಸ ಮಾಡಿದೆವು. ಮರ್ಯಾದೆಯಿಂದ ಕೇಳಿ ಎದ್ದುಹೋದರು.

ಮುಂದಿನ ಸಲ ಮಾತನ್ನು ಅವರಿಗೇ ಬಿಟ್ಟೆವು. ತಂತಮ್ಮ ಹಿತ್ತಲಿನ ಸೊಪ್ಪನ್ನು ಮೊರದಲ್ಲಿಟ್ಟುಕೊಂಡು ಜಗುಲಿಯ ಮೇಲೆ ಸೇರಿದರು. ಬ್ರಾಹ್ಮಿಯೆಂದು ಒಬ್ಬಾಕೆ ಒಂದೆಲಗವನ್ನು ತೋರಿದಳು. ಇನ್ನೊಬ್ಬಾಕೆ ಸಣ್ಣೆಲೆಯ ನೀರುಬ್ರಾಹ್ಮಿಯನ್ನು ತೋರಿದಳು. ಹೆಸರೊಂದು, ಗಿಡವೆರಡು! ಈ ತೊಡಕು ನಮ್ಮ ಉಪನ್ಯಾಸದಿಂದ ಬಿಡುವಂಥದಾಗಿರಲಿಲ್ಲ.

ಕೆಮ್ಮಿಗೆ ಆಡುಸೋಗೆಯ ಕಷಾಯವನ್ನು ಎಲ್ಲರೂ ಹೊಗಳುತ್ತಿರುವಾಗ ಮೂಲೆಯ ಮುದುಕಿಯೊಬ್ಬಳು, “ಬಸುರಿಗೆ ಮಾತ್ರ ಕೊಡಬೇಡಿ ಕಣ್ರವ್ವ” ಎಂದಳು. ಆ ಸೊಪ್ಪಿನಲ್ಲಿರುವ ವಾಸಿಸೀನ್ ಎಂಬ ಸತ್ತ್ವವು ಗರ್ಭಕೋಶವನ್ನು ಸಂಕೋಚಗೊಳಿಸತಕ್ಕುದು. ಮುದುಕಿಗೆ ಅದರ ಹೆಸರು ತಿಳಿಯದು, ಕೆಲಸ ತಿಳಿದಿತ್ತು. ಆ ಕೂಟದಲ್ಲಿಯೇ ಬಸುರಿಯೊಬ್ಬಳು ಕೆಮ್ಮುತ್ತ ಕುಳಿತಿದ್ದಳು. ನಮ್ಮ ಮೊದಲ ದಿನದ ಉಪನ್ಯಾಸದಲ್ಲಿ ಈ ಎಚ್ಚರಿಕೆಯಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಆದರೆ ಹತ್ತು ಮಂದಿ ಒಪ್ಪಿದುದೆಲ್ಲ ಸರಿಯೆಂದಲ್ಲ. ಹಾವು ಕಡಿದರೆ ಬೇರು ಅರೆದು ಕುಡಿಸುವುದನ್ನು ಅನೇಕರು ಸಮರ್ಥಿಸಿದರು. ಅಲ್ಲಿ ನಾವು ಸುಮ್ಮನಿರಲಾರದೆ ಹೋದೆವು. ವಿಷವಿಲ್ಲದ ಹಾವು ಕಡಿದವರು ಬೇರಿಲ್ಲದೆಯೂ ಬದುಕುವರು; ನಾಗರಹಾವೋ ಮಂಡಲದ ಹಾವೋ ಕಡಿದರೆ ಬೇರು ಹುಡುಕುವ ಹೊತ್ತೇ ಪ್ರಾಣಕ್ಕೆ ಎರವಾಗುವುದು; ವಿಷಹಾರಿ ಚುಚ್ಚುಮದ್ದಿರುವ ಆಸ್ಪತ್ರೆಗೆ ಒಡನೆಯೇ ಒಯ್ಯಬೇಕು ಎಂದೆವು.

“ಸರಿ, ರಾತ್ರಿ ಹೊತ್ತು ಗಾಡಿ ಯಾರು ಕಟ್ತಾರೆ?” ಎಂದಳೊಬ್ಬಳು.

ಆ ದಿನದ ಉಳಿದ ಚರ್ಚೆಯೆಲ್ಲ ಗಾಡಿಯದೇ ಆಯಿತು.